ಅಂಚಿನಲ್ಲಿ ಅನಿಲ ಬಿಟ್ಟರೂ ನಡುವೆ ಸಾಂದ್ರತೆ ಹೆಚ್ಚೇಕೆ?

ಟೀಚರ್, ನಮಸ್ಕಾರ. ಕುಂಬಳೆ ಉಪಜಿಲ್ಲಾ ಶಾಸ್ತ್ರೋತ್ಸವಕ್ಕೆ ನಿಮ್ಮ ಮಕ್ಕಳು ಮಾಡುತ್ತಿರುವ ಟೋಕಮಾಕ್ ಮಾದರಿಯ ಚಾರ್ಟ್ ನೋಡಿದೆ. ಟೋಕಮಾಕ್ ಎಂದರೆ ಪ್ಲಾಸ್ಮಾವನ್ನು, ಅಂದರೆ ಅಯಾನುಗಳೂ ಇಲೆಕ್ಟ್ರಾನುಗಳೂ ಬೇರೆಯಾದ ಅತಿ ಬಿಸಿ ಅನಿಲವನ್ನು, ಕಾಂತಕ್ಷೇತ್ರದಲ್ಲಿ ಹಿಡಿದಿಟ್ಟು ಪರಮಾಣು ಬೀಜಗಳನ್ನು ಬೆಸೆಯುವ (ಸಮ್ಮಿಳನದ) ಉಂಗುರದಾಕಾರದ ಯಂತ್ರ. ಅನಿಲವನ್ನು ಗೋಡೆಯ ಬದಿಯಿಂದ ಬಿಡುವಾಗ ಕಣಗಳು ಅಂಚಿನಲ್ಲೇ ದಟ್ಟವಾಗಿರಬೇಡವೇ, ನಡುವೆ ದಟ್ಟ ಎಂದು ಬರೆದದ್ದು ಸರಿಯೇ ಎಂದು ಕೇಳಿದ್ದೀರಿ. ಬರೆದದ್ದು ಸರಿ. ಆದರೆ ನಿಮ್ಮ ಪ್ರಶ್ನೆಗೆ ಒಬ್ಬರು ಕೊಟ್ಟ ‘ಕಾಂತಕ್ಷೇತ್ರ ಕಣಗಳನ್ನು ನಡುವಿಗೆ ಒತ್ತುತ್ತದೆ, ಅಷ್ಟೇ’ ಎಂಬ ಕಾರಣವನ್ನು ತೀರ್ಪುಗಾರರ ಮುಂದೆ ಹೇಳಿಸಬೇಡಿ. ಕಾಂತಕ್ಷೇತ್ರ ತಡೆದು ನಿಲ್ಲಿಸುವುದು ಒತ್ತಡವನ್ನು, ಅಂದರೆ ಸಾಂದ್ರತೆ ಮತ್ತು ಉಷ್ಣತೆಗಳ ಗುಣಲಬ್ಧವನ್ನು. ಅದರಲ್ಲಿ ಸಾಂದ್ರತೆಯ ಪಾಲು ಎಲ್ಲಿ ಎಷ್ಟು ಎಂಬುದು ಬೇರೆಯೇ ವಿಷಯ.

ಬಿಟ್ಟ ಅನಿಲದ ಪರಮಾಣುಗಳಿಗೆ ವಿದ್ಯುದಂಶ ಇಲ್ಲದಿರುವುದರಿಂದ ಅವು ಕಾಂತಕ್ಷೇತ್ರಕ್ಕೆ ಸಿಕ್ಕದೆ ಒಳನುಗ್ಗುತ್ತವೆ. ಆದರೆ ಅಂಚಿನ ಕೆಲವೇ ಸೆಂಟಿಮೀಟರುಗಳಲ್ಲಿ ಬಿಸಿ ಇಲೆಕ್ಟ್ರಾನುಗಳು ಬಡಿದು ಅವನ್ನು ಅಯಾನುಗಳನ್ನಾಗಿಸುತ್ತವೆ. ಹಾಗಾಗಿ ಕಣಗಳ ಮೂಲ ಅಂಚಿನಲ್ಲೇ ಎಂಬ ನಿಮ್ಮ ಮಾತು ನಿಜ. ಆದರೆ ಬರಿಯ ವಿಸರಣೆ (ದಟ್ಟವಾದಲ್ಲಿಂದ ವಿರಳವಾದಲ್ಲಿಗೆ ಹರಡುವುದು) ಮಾತ್ರ ಇದ್ದಿದ್ದರೂ ಅಂಚು ದಟ್ಟವಾಗಿ ಉಳಿಯುತ್ತಿರಲಿಲ್ಲ. ಒಂದು ಬದಿಯ ತೋಡಿನಿಂದ ನೀರು ಬಂದರೂ ಮದಕದ ನೀರು ಮಟ್ಟಸವಾಗಿ ನಿಲ್ಲುವುದಿಲ್ಲವೇ, ಹಾಗೆ ಒಳಗೆಲ್ಲ ಸಾಂದ್ರತೆ ಸಮನಾಗಬೇಕಿತ್ತು. ಅಳೆದು ನೋಡಿದರೆ ಅನೇಕ ಟೋಕಮಾಕ್‌ಗಳಲ್ಲಿ ನಡುವೆ ಉಬ್ಬು ಕಾಣುತ್ತದೆ. ಅಂದರೆ ಹೊರಕ್ಕೆ ಹರಡುವುದರ ಜೊತೆಗೆ ಒಳಕ್ಕೆ ಒಯ್ಯುವ ಇನ್ನೊಂದು ಹರಿವೂ ಇದೆ. ಇದನ್ನು ಪಿಂಚ್ ಎನ್ನುತ್ತಾರೆ. ಇವೆರಡರ ಅನುಪಾತವೇ ಉಬ್ಬಿನ ಇಳಿಜಾರನ್ನು ತೀರ್ಮಾನಿಸುತ್ತದೆ; ಅನಿಲದ ಕೊಳವೆ ಎಲ್ಲಿದೆ ಎಂಬುದು ಅಲ್ಲ.

ಆ ಒಳಹರಿವು ಎಲ್ಲಿಂದ ಬಂತು? 1970ರಲ್ಲಿ ಭೌತವಿಜ್ಞಾನಿ ವೇರ್ ಒಂದು ಕಾರಣ ತೋರಿಸಿದರು. ಪ್ಲಾಸ್ಮಾದಲ್ಲಿ ಕರೆಂಟ್ ಹರಿಸಲು ಟ್ರಾನ್ಸ್‌ಫಾರ್ಮರಿನಿಂದ ಹುಟ್ಟಿಸುವ ವಿದ್ಯುತ್ ಕ್ಷೇತ್ರವು ಕಾಂತಕ್ಷೇತ್ರದಲ್ಲಿ ಸಿಕ್ಕಿಕೊಂಡ ಕೆಲವು ಕಣಗಳನ್ನು ನಿಧಾನವಾಗಿ ಒಳಕ್ಕೆ ಜಾರಿಸುತ್ತದೆ. ಇಷ್ಟರಿಂದಲೇ ಎಲ್ಲವೂ ವಿವರವಾಗುವುದಿಲ್ಲ. ಫ್ರಾನ್ಸಿನ ಟೋರ್ ಸುಪ್ರಾ ಎಂಬ ಟೋಕಮಾಕ್‌ನಲ್ಲಿ ಆ ವಿದ್ಯುತ್ ಕ್ಷೇತ್ರವನ್ನು ಶೂನ್ಯಕ್ಕಿಳಿಸಿ, ರೇಡಿಯೋ ತರಂಗಗಳಿಂದ ಕೆಲವು ನಿಮಿಷ ಕರೆಂಟ್ ನಡೆಸಿದರು. ಆಗಲೂ ಉಬ್ಬು ಕರಗಲಿಲ್ಲ; 2003ರಲ್ಲಿ ಇದು ಪ್ರಕಟವಾಯಿತು. ನನ್ನನ್ನು ಕೇಳಿದರೆ ಈ ವಿಷಯದಲ್ಲಿ ಇದಕ್ಕಿಂತ ಚೊಕ್ಕವಾದ ಪ್ರಯೋಗ ಇಲ್ಲ.

ಉಳಿದ ಕೆಲಸ ಪ್ಲಾಸ್ಮಾದ ಪ್ರಕ್ಷುಬ್ಧತೆಯದ್ದೇ. ಶಾಖವನ್ನು ಹೊರಗೆ ಸೋರಿಸುವ ಅದೇ ಕದಡುವಿಕೆ ಕಣಗಳನ್ನು ಒಳಗೂ ತಳ್ಳುತ್ತದೆ. ವಿಚಿತ್ರವೆನಿಸಿದರೆ ಹೀಗೆ ಯೋಚಿಸಿ: ಕದಡುವಿಕೆ ಸಮಗೊಳಿಸಲು ಹೊರಡುವುದು ಘನಮೀಟರಿಗೆ ಇಷ್ಟು ಕಣ ಎಂಬ ಲೆಕ್ಕವನ್ನಲ್ಲ, ಕಾಂತರೇಖೆಗಳ ಒಂದು ಕಟ್ಟಿಗೆ ಇಷ್ಟು ಎಂಬ ಲೆಕ್ಕವನ್ನು. ಹೊರಕ್ಕೆ ಹೋದಂತೆ ಆ ಕಟ್ಟಿನ ಗಾತ್ರ ಹಿಗ್ಗುತ್ತದೆ. ಅಷ್ಟೇ ಕಣಗಳು, ಹೆಚ್ಚು ಜಾಗ. ಸಾಂದ್ರತೆ ತಾನಾಗಿ ಇಳಿಯುತ್ತದೆ. ಉಷ್ಣತೆಯ ಇಳಿಜಾರೂ ತನ್ನದೊಂದು ತಳ್ಳು ಸೇರಿಸುತ್ತದೆ, ಒಮ್ಮೆ ಒಳಕ್ಕೆ, ಇನ್ನೊಮ್ಮೆ ಹೊರಕ್ಕೆ. ಕಣಗಳ ಡಿಕ್ಕಿ ವಿರಳವಾದಷ್ಟೂ ಉಬ್ಬು ಹೆಚ್ಚುವುದು ಜರ್ಮನಿಯ ಆಸ್‌ಡೆಕ್ಸ್ ಅಪ್‌ಗ್ರೇಡ್, ಇಂಗ್ಲೆಂಡಿನ ಜೆಟ್ ಎಂಬ ಎರಡು ಟೋಕಮಾಕ್‌ಗಳಲ್ಲೂ ಕಂಡಿದೆ. ಆದರೆ ಪ್ಲಾಸ್ಮಾದಲ್ಲಿ ಕರೆಂಟ್ ಹರಿಸದೆ, ಹೊರಗಿನ ತಿರುಚಿದ ಸುರುಳಿಗಳ ಕಾಂತಕ್ಷೇತ್ರದಿಂದಲೇ ಅದನ್ನು ಹಿಡಿದಿಡುವ ಸ್ಟೆಲ್ಲರೇಟರುಗಳ ಮಾತು ಬೇರೆ. ಅಂಥದ್ದೇ ಆದ ಜಪಾನಿನ ಎಲ್‌ಎಚ್‌ಡಿ ಯಂತ್ರದಲ್ಲಿ ನಡುವೆ ತಗ್ಗು ಬಿದ್ದದ್ದೂ ಉಂಟು.

ಇನ್ನು ಚಾರ್ಟಿಗೆ. ‘ಸೂರ್ಯನ ಗರ್ಭದಷ್ಟು ಸಾಂದ್ರ’ ಎಂಬ ಸಾಲನ್ನು ದಯವಿಟ್ಟು ಅಳಿಸಿಸಿ. ಫ್ರಾನ್ಸಿನಲ್ಲಿ ಕಟ್ಟುತ್ತಿರುವ ದೊಡ್ಡ ಟೋಕಮಾಕ್ ಈಟರ್‌ನ ಪ್ಲಾಸ್ಮಾದಲ್ಲಿ ಇರಬೇಕಾದದ್ದು ಘನಮೀಟರಿಗೆ ಸುಮಾರು 10ರ ಘಾತ 20 ಕಣಗಳು. ನಾವು ಉಸಿರಾಡುವ ಗಾಳಿ ಅದಕ್ಕಿಂತ ಎರಡು ಲಕ್ಷ ಪಟ್ಟಿಗೂ ಹೆಚ್ಚು ದಟ್ಟ. ಸೂರ್ಯನನ್ನು ಮೀರಿಸುವುದು ಉಷ್ಣತೆ: ಸುಮಾರು 15 ಕೋಟಿ ಡಿಗ್ರಿ ಸೆಲ್ಸಿಯಸ್.

ಮಕ್ಕಳಿಂದ ಒಂದು ಲೆಕ್ಕವನ್ನೂ ಮಾಡಿಸಬಹುದು. ಪ್ಲಾಸ್ಮಾದ ಸಾಂದ್ರತೆ ಎಷ್ಟರವರೆಗೆ ಏರಬಹುದು ಎಂದು 1988ರಲ್ಲಿ ಭೌತವಿಜ್ಞಾನಿ ಗ್ರೀನ್‌ವಾಲ್ಡ್ ಕೊಟ್ಟ ಮಿತಿಯ ಪ್ರಕಾರ ಕರೆಂಟನ್ನು ಮೆಗಾಆಂಪಿಯರಿನಲ್ಲಿ, ಪ್ಲಾಸ್ಮಾದ ಅಡ್ಡಕೊಯ್ತದ ತ್ರಿಜ್ಯವನ್ನು ಮೀಟರಿನಲ್ಲಿ ತೆಗೆದುಕೊಂಡು, ಕರೆಂಟನ್ನು ಪೈ ಗುಣಿಸು ತ್ರಿಜ್ಯದ ವರ್ಗದಿಂದ ಭಾಗಿಸಬೇಕು. ಈಟರಿನಲ್ಲಿ 15 ಮತ್ತು 2. ಉತ್ತರ ಸುಮಾರು 1.2, ಅದನ್ನು 10ರ ಘಾತ 20ರಿಂದ ಗುಣಿಸಿ. ಈ ಮಿತಿ ಹೆಚ್ಚಾಗಿ ಅಂಚಿಗೆ ಸಂಬಂಧಿಸಿದ್ದು. ಹಾಗಾಗಿ ನಡುವೆ ಉಬ್ಬಿದ್ದರೆ ಸರಾಸರಿಯಲ್ಲಿ ಅದನ್ನು ದಾಟಲೂ ಸಾಧ್ಯ.

‘ಉಬ್ಬು ಇದ್ದಷ್ಟೂ ಒಳ್ಳೆಯದಲ್ಲವೇ?’ ಎಂದು ತೀರ್ಪುಗಾರರು ಕೇಳಿಯೇ ಕೇಳುತ್ತಾರೆ. ಸಮ್ಮಿಳನದ ಶಕ್ತಿ ಸಾಂದ್ರತೆಯ ವರ್ಗದಂತೆ ಏರುತ್ತದೆ, ಅದು ಲಾಭ. ಆದರೆ ಸಾಂದ್ರತೆಯ ಇಳಿಜಾರು ಕಡಿದಾದರೆ ಗೋಡೆಯಿಂದ ಎದ್ದ ಟಂಗ್‌ಸ್ಟನ್ ಕೂಡ ನಡುವಿಗೆ ಸೇರಿಕೊಂಡು ಶಾಖವನ್ನು ವಿಕಿರಣವಾಗಿ ಚೆಲ್ಲುತ್ತದೆ. ಅದನ್ನು ಹೊರಹಾಕಲು ನಡುವನ್ನು ಮೈಕ್ರೋವೇವ್‌ನಿಂದ ಕಾಯಿಸುತ್ತಾರೆ.

ಗೆರೆ ಎಳೆಯುವಾಗ ಉಷ್ಣತೆಯನ್ನೂ ಸಾಂದ್ರತೆಯನ್ನೂ ಒಂದೇ ಆಕಾರದಲ್ಲಿ ಎಳೆಯಬೇಡಿ. ಈಗಿನ ಚಾರ್ಟಿನ ದೊಡ್ಡ ದೋಷ ಅದೇ. ಉಷ್ಣತೆ ಮೊನಚಾಗಿರಲಿ. ಸಾಂದ್ರತೆಯನ್ನು ನಡುವೆ ಸರಾಸರಿಯ ಸುಮಾರು ಒಂದೂವರೆ ಪಟ್ಟು ಎತ್ತರದಿಂದ ಶುರುಮಾಡಿ ಮೆಲ್ಲನೆ ಇಳಿಸಿ, ಕೊನೆಯ ಕೆಲವು ಸೆಂಟಿಮೀಟರಿನಲ್ಲಿ ಮೆಟ್ಟಿಲಿನಂತೆ ಧಡಕ್ಕನೆ ಬೀಳಿಸಿ. ಅಂಚಿನಲ್ಲಿ ಸೋರಿಕೆ ಕಡಿಮೆಯಾಗಿ ಇಂಥ ಮೆಟ್ಟಿಲು ಮೂಡುವ ಸ್ಥಿತಿಗೆ ಎಚ್-ಮೋಡ್ ಎನ್ನುತ್ತಾರೆ; ಅದು ಮೊದಲು ಕಂಡ ಯಂತ್ರ ಆಸ್‌ಡೆಕ್ಸ್ ಅಪ್‌ಗ್ರೇಡ್‌ಗೆ ಮುಂಚಿನ ಆಸ್‌ಡೆಕ್ಸ್. ಆ ಮೆಟ್ಟಿಲಿನ ಪಕ್ಕ ‘ಎಚ್-ಮೋಡ್, 1982, ಆಸ್‌ಡೆಕ್ಸ್’ ಎಂದು ಬರೆಸಿ. ಎರಡು ಗೆರೆಗಳಿಗೆ ಎರಡು ಬಣ್ಣ, ಎಡಬಲಗಳಲ್ಲಿ ಬೇರೆ ಬೇರೆ ಅಳತೆಗೋಲು ಇರಲಿ.