ಗಡೀಪಾರು ಎದುರಿಸುವವರ ವಕೀಲರಿಗೆ ನ್ಯೂಯಾರ್ಕ್ ನಗರ ಏಕೆ ಹಣ ಕೊಡಬೇಕು?

ಪಕ್ಕದ ನ್ಯೂಜೆರ್ಸಿ ರಾಜ್ಯದ ಜೆರ್ಸಿ ಸಿಟಿಯಲ್ಲಿ ವಾಸವಿದ್ದು ಮ್ಯಾನ್‌ಹ್ಯಾಟನ್‌ನಲ್ಲಿ ಎಚ್-1ಬಿ ವೀಸಾದ ಮೇಲೆ ದುಡಿಯುತ್ತಿರುವ ನೀವು ಎರಡು ಪ್ರಶ್ನೆ ಕೇಳಿದ್ದೀರಿ. ನಿಮ್ಮ ಗ್ರೀನ್ ಕಾರ್ಡ್ ಅರ್ಜಿಯ ವಕೀಲರಿಗೆ ನೀವೇ ಕೈಯಿಂದ ದುಡ್ಡು ಕೊಡುತ್ತಿರುವಾಗ, ಗಡೀಪಾರಿನ ಮೊಕದ್ದಮೆ ಎದುರಿಸುವವರಿಗೆ ನ್ಯೂಯಾರ್ಕ್ ನಗರವು ತೆರಿಗೆಯ ಹಣದಲ್ಲಿ ವಕೀಲರನ್ನು ಒದಗಿಸುವುದು ನ್ಯಾಯವೇ ಎಂಬುದು ಮೊದಲನೆಯದು. ಇದರಿಂದ ನಮ್ಮಂಥವರಿಗೆ ಏನು ಉಪಯೋಗ ಎಂಬುದು ಎರಡನೆಯದು. ನಾನು ವಕೀಲನಲ್ಲ. ನಗರದ ಕ್ವೀನ್ಸ್ ಭಾಗದಲ್ಲಿ ಇಂತಹ ನೆರವು ನೀಡುವ ಒಂದು ಸಣ್ಣ ಸಂಸ್ಥೆಯ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಹಾಗಾಗಿ ನನ್ನ ಉತ್ತರ ಹೆಚ್ಚಾಗಿ ಹಣದ ಸುತ್ತಲೇ ಇರುತ್ತದೆ.

ನಿಮ್ಮ ತೆರಿಗೆಯ ಬಗ್ಗೆ ಒಂದು ಮಾತು. ನಗರದ ಹೊರಗಿನಿಂದ ಬಂದು ದುಡಿಯುವವರ ಮೇಲಿನ ತೆರಿಗೆ 1999ರಲ್ಲೇ ರದ್ದಾಗಿರುವುದರಿಂದ ನಿಮ್ಮ ಸಂಬಳದಿಂದ ನ್ಯೂಯಾರ್ಕ್ ನಗರದ ಆದಾಯ ತೆರಿಗೆಗೆ ಒಂದು ಸೆಂಟ್ ಕೂಡ ಹೋಗುವುದಿಲ್ಲ. ನ್ಯೂಯಾರ್ಕ್ ರಾಜ್ಯದ ತೆರಿಗೆಯನ್ನಂತೂ ನೀವು ಕಟ್ಟುತ್ತೀರಿ, ಮತ್ತು ಆ ರಾಜ್ಯವೂ 2017ರಿಂದ ವಲಸಿಗರ ಕಾನೂನು ನೆರವಿಗೆ ಹಣ ಕೊಡುತ್ತಿದೆ. ಆದ್ದರಿಂದ ನಿಮ್ಮ ಆಕ್ಷೇಪವನ್ನು ತಳ್ಳಿಹಾಕುವ ಉದ್ದೇಶ ನನಗಿಲ್ಲ.

ನಮ್ಮ ಕಡೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನು ಕಂಡು ಬೆಳೆದವರಿಗೆ, ಬಂಧನದಲ್ಲಿರುವವನಿಗೆ ಸರ್ಕಾರವೇ ವಕೀಲರನ್ನು ಕೊಡುತ್ತದೆ ಎಂಬುದು ಸಹಜವೆನಿಸುತ್ತದೆ. ಅಮೆರಿಕದಲ್ಲಿಯೂ ಸುಪ್ರೀಂ ಕೋರ್ಟಿನ 1963ರ ಗಿಡಿಯನ್ ತೀರ್ಪಿನಿಂದಾಗಿ ಗಂಭೀರ ಕ್ರಿಮಿನಲ್ ಆರೋಪ ಹೊತ್ತ ಬಡವನಿಗೆ ಆ ಹಕ್ಕಿದೆ. ಆದರೆ ಗಡೀಪಾರಿನ ವಿಚಾರಣೆಯನ್ನು ಇಲ್ಲಿನ ಕಾನೂನು ಸಿವಿಲ್ ವ್ಯವಹಾರವೆಂದು ಎಣಿಸುತ್ತದೆ. ವಕೀಲರನ್ನು ಇಟ್ಟುಕೊಳ್ಳಬಹುದು, ಆದರೆ ಸರ್ಕಾರಕ್ಕೆ ಅದರಿಂದ ಖರ್ಚು ಬರಬಾರದು ಎಂದು ವಲಸೆ ಕಾಯ್ದೆಯೇ ಹೇಳುತ್ತದೆ. ಕೈಗೆ ಕೋಳ ತೊಡಿಸಿ ಕರೆತಂದ ವ್ಯಕ್ತಿಯ ಎದುರು ಸರ್ಕಾರದ ಸಂಬಳ ಪಡೆಯುವ ವಕೀಲರು ಇರುತ್ತಾರೆ. ತೀರ್ಪು ಕೊಡುವ ನ್ಯಾಯಾಧೀಶರೂ ನ್ಯಾಯ ಇಲಾಖೆಯ ನೌಕರರೇ. ಬಡವರ ಸಿವಿಲ್ ವ್ಯಾಜ್ಯಗಳಿಗೆ ಕೇಂದ್ರದ ಅನುದಾನ ಪಡೆಯುವ ಕಾನೂನು ನೆರವು ಸಂಸ್ಥೆಗಳು ದಾಖಲೆಯಿಲ್ಲದ ಬಹುತೇಕ ವಲಸಿಗರ ಪರ ವಾದಿಸದಂತೆ 1996ರಲ್ಲಿ ಅಮೆರಿಕದ ಸಂಸತ್ತಾದ ಕಾಂಗ್ರೆಸ್ ನಿರ್ಬಂಧ ಹೇರಿದ ಮೇಲೆ ಆ ಬಾಗಿಲೂ ಮುಚ್ಚಿತು.

ಈ ಕೊರತೆಯನ್ನು ತುಂಬಲು ನ್ಯೂಯಾರ್ಕ್ ನಗರಸಭೆ 2013ರಲ್ಲಿ 5 ಲಕ್ಷ ಡಾಲರ್ ಕೊಟ್ಟು, ವ್ಯಾರಿಕ್ ಸ್ಟ್ರೀಟ್‌ನ ವಲಸೆ ನ್ಯಾಯಾಲಯದಲ್ಲಿ ಬಂಧಿತರ ಪರ ವಾದಿಸಲು ಪ್ರಾಯೋಗಿಕ ಯೋಜನೆಯೊಂದನ್ನು ಆರಂಭಿಸಿತು. ಮರುವರ್ಷ ಅದು 49 ಲಕ್ಷ ಡಾಲರ್‌ಗೆ ಏರಿತು. ದಿ ಬ್ರಾಂಕ್ಸ್ ಡಿಫೆಂಡರ್ಸ್, ಬ್ರೂಕ್ಲಿನ್ ಡಿಫೆಂಡರ್ ಸರ್ವಿಸಸ್ ಮತ್ತು ಲೀಗಲ್ ಏಡ್ ಸೊಸೈಟಿ ಎಂಬ ಮೂರು ಸಂಸ್ಥೆಗಳು ಈ ಕೆಲಸ ವಹಿಸಿಕೊಂಡವು. ವಕೀಲರಿಲ್ಲದ ಬಂಧಿತರಲ್ಲಿ ಶೇ 4ರಷ್ಟು ಮಂದಿ ಮಾತ್ರ ದೇಶದಲ್ಲಿ ಉಳಿಯುವ ತೀರ್ಪು ಪಡೆಯುತ್ತಿದ್ದರು, ಈ ಯೋಜನೆಯ ವಕೀಲರಿದ್ದಾಗ ಆ ಪ್ರಮಾಣ ಶೇ 48 ಆಗಲಿದೆ ಎಂದು ವೆರಾ ಎಂಬ ಸಂಶೋಧನಾ ಸಂಸ್ಥೆ 2017ರಲ್ಲಿ ಅಂದಾಜು ಮಾಡಿತು. ಆಗಿನ್ನೂ ಅನೇಕ ಪ್ರಕರಣಗಳು ಬಾಕಿಯಿದ್ದುದರಿಂದ ಇದು ಅಂದಾಜೇ ಹೊರತು ಅಂತಿಮ ಲೆಕ್ಕವಲ್ಲ; ಆದರೂ ವಕೀಲರಿಲ್ಲದೆ ಸೋತವರಲ್ಲಿ ಎಷ್ಟೋ ಮಂದಿಗೆ ಕಾನೂನಿನ ಪ್ರಕಾರವೇ ಇಲ್ಲಿರುವ ಹಕ್ಕಿತ್ತು ಎಂಬುದನ್ನು ಅದು ತೋರಿಸುತ್ತದೆ. ಅದೇ ವರ್ಷ ಮೇಯರ್ ಡಿ ಬ್ಲಾಸಿಯೋ ಸುಮಾರು 170 ಗಂಭೀರ ಅಪರಾಧಗಳಲ್ಲಿ ಶಿಕ್ಷೆಯಾದವರಿಗೆ ನಗರದ ಹಣದಲ್ಲಿ ವಕೀಲರು ಬೇಡವೆಂದರು, ನಗರಸಭೆ ಒಪ್ಪಲಿಲ್ಲ. ಹಳೆಯ ಶಿಕ್ಷೆಯೊಂದು ಗಡೀಪಾರಿಗೆ ಸಾಕೇ ಎಂಬುದೇ ನ್ಯಾಯಾಲಯದಲ್ಲಿ ವಾದಿಸಬೇಕಾದ ವಿಷಯವಾಗಿರುವಾಗ, ಅದನ್ನು ಮೊದಲೇ ತೀರ್ಮಾನಿಸಿ ವಕೀಲರನ್ನು ತಪ್ಪಿಸುವುದು ನನಗೆ ಸರಿಕಾಣುವುದಿಲ್ಲ.

ಹೀಗಾಗಿ ನಗರ ಹಣ ಕೊಡಬೇಕೇ ಎಂಬ ಚರ್ಚೆ ನನ್ನನ್ನು ಅಷ್ಟಾಗಿ ಕಾಡುವುದಿಲ್ಲ. ಆ ಹಣ ಬರುವ ರೀತಿಯೇ ನನಗೆ ತಲೆನೋವು. ನಗರದ ಆರ್ಥಿಕ ವರ್ಷ ಜುಲೈ 1ಕ್ಕೆ ಆರಂಭವಾಗಿ ಜೂನ್ 30ಕ್ಕೆ ಮುಗಿಯುತ್ತದೆ. ನಗರಸಭೆ ತನ್ನ ವಿವೇಚನೆಯಂತೆ ಹಂಚುವ ಅನುದಾನವನ್ನು ಪ್ರತಿ ವರ್ಷವೂ ಹೊಸದಾಗಿ ಕೇಳಿ ಪಡೆಯಬೇಕು. ಗಡೀಪಾರಿನ ಮೊಕದ್ದಮೆ ಮಾತ್ರ ಮೂರು ನಾಲ್ಕು ವರ್ಷ ಎಳೆಯಬಹುದು. ಒಮ್ಮೆ ವಕಾಲತ್ತು ಸಲ್ಲಿಸಿದ ವಕೀಲರು ನ್ಯಾಯಾಧೀಶರ ಅನುಮತಿಯಿಲ್ಲದೆ ಹಿಂದೆ ಸರಿಯುವಂತಿಲ್ಲ, ಅನುದಾನ ನಿಂತಿತು ಎಂಬ ಕಾರಣವನ್ನು ನ್ಯಾಯಾಧೀಶರು ಒಪ್ಪಲೇಬೇಕೆಂದಿಲ್ಲ. ಅಂದರೆ ಒಂದು ವರ್ಷದ ಹಣಕ್ಕೆ ನಾಲ್ಕು ವರ್ಷದ ಹೊಣೆ.

ಇದರ ಮೇಲೆ, ಹಣ ಮುಂಗಡವಾಗಿ ಪೂರ್ತಿ ಬರುವುದಿಲ್ಲ. ನಗರದೊಂದಿಗಿನ ಒಪ್ಪಂದವು ಅದರ ಲೆಕ್ಕಪತ್ರಗಳ ಮುಖ್ಯಾಧಿಕಾರಿಯಾದ ಕಂಪ್ಟ್ರೋಲರ್ ಕಚೇರಿಯಲ್ಲಿ ನೋಂದಣಿಯಾಗುವವರೆಗೆ ಬಿಲ್ ಸಲ್ಲಿಸುವಂತಿಲ್ಲ, ಮತ್ತು ಕೆಲಸ ಶುರುವಾಗಿ ತಿಂಗಳುಗಳಾದ ಮೇಲೆ ನೋಂದಣಿಯಾಗುವುದು ಇಲ್ಲಿ ಮಾಮೂಲು. ಅಲ್ಲಿಯವರೆಗೆ ಸಂಸ್ಥೆ ಕೈಯಿಂದ ಹಾಕಿಕೊಂಡು ಸಂಬಳ ಕೊಡಬೇಕು, ಇಲ್ಲವೇ ಸಾಲ ತರಬೇಕು. ನನ್ನ ಮೇಜಿನ ಮೇಲಿನ ಒಂದು ಉದಾಹರಣೆ ಹೇಳುತ್ತೇನೆ: ಜೂನ್ ಕೊನೆಯ ವಾರ ಕಕ್ಷಿದಾರರೊಬ್ಬರ ಹೇಳಿಕೆಯನ್ನು ಅನುವಾದಿಸಿದ ದುಭಾಷಿಯೊಬ್ಬರು ಬಿಲ್ಲಿನ ಮೇಲೆ ಜುಲೈ ಮೊದಲ ವಾರದ ದಿನಾಂಕ ಹಾಕಿದ್ದರು. ಕೆಲಸ ಹಳೆಯ ವರ್ಷದ್ದು, ಬಿಲ್ಲು ಹೊಸ ವರ್ಷದ್ದು ಎಂದು ಅದು ಎರಡು ಬಾರಿ ವಾಪಸ್ ಬಂತು. ಕೊನೆಗೆ ಆ ಮೊತ್ತವನ್ನು ನಾವು ದೇಣಿಗೆಯ ಖಾತೆಯಿಂದ ಭರಿಸಿದೆವು. ಮೊತ್ತ ಸಣ್ಣದು, ಆದರೆ ಅಂಥವು ಹತ್ತಾರು ಇರುತ್ತವೆ. ಹೀಗಿರುವಾಗ ಅನುಭವಿ ವಕೀಲರು ಈ ಕೆಲಸದಲ್ಲಿ ಉಳಿಯುವುದು ಕಷ್ಟ, ಮತ್ತು ಅವರು ಬಿಟ್ಟ ಕಡತಗಳು ಹೊಸಬರ ತಲೆಯ ಮೇಲೆ ಬೀಳುತ್ತವೆ. ಖರ್ಚಿನ ಬಗ್ಗೆ ಕಾಳಜಿಯಿರುವ ತೆರಿಗೆದಾರರು ಕೇಳಬೇಕಾದದ್ದು ಬಹುವರ್ಷದ ಅನುದಾನ ಏಕಿಲ್ಲ ಎಂಬ ಪ್ರಶ್ನೆಯನ್ನು.

ಇನ್ನು ನಿಮ್ಮ ಎರಡನೆಯ ಪ್ರಶ್ನೆ. ಈ ಯೋಜನೆಗೆ ಆದಾಯದ ಮಿತಿಯಿರುವುದರಿಂದ ಎಚ್-1ಬಿ ಸಂಬಳದವರಿಗೆ ಅದು ಸಿಗುವುದಿಲ್ಲ, ಸಿಗಬೇಕಾಗಿಯೂ ಇಲ್ಲ. ನಮ್ಮವರಿಗೆ ನೇರವಾಗಿ ತಟ್ಟುವ ಸಂದರ್ಭ ಬೇರೆ: ಎಚ್-4 ವೀಸಾದ ಮೇಲೆ ಬಂದ ಹೆಂಡತಿಯ ವಾಸ್ತವ್ಯ ಗಂಡನ ವೀಸಾಕ್ಕೆ ಅಂಟಿಕೊಂಡಿರುತ್ತದೆ, ಆತ ಹಿಂಸೆ ಕೊಡುತ್ತಿದ್ದರೂ ಆಕೆ ದೂರು ಕೊಡಲು ಹೆದರುತ್ತಾಳೆ, ಆಕೆಯ ಹೆಸರಿನಲ್ಲಿ ಬ್ಯಾಂಕ್ ಖಾತೆಯೂ ಇರುವುದಿಲ್ಲ. ಇಂಥವರಿಗೆ ಸ್ವತಂತ್ರವಾಗಿ ಕೆಲಸದ ಪರವಾನಗಿ ಕೇಳಲು ಕಾನೂನಿನಲ್ಲಿ ಅವಕಾಶವಿದೆ ಎಂಬುದು ಬಹಳ ಮಂದಿಗೆ ತಿಳಿದಿಲ್ಲ. ನಗರದ ಐದೂ ಬರೋಗಳಲ್ಲಿ (ಆಡಳಿತ ವಿಭಾಗಗಳಲ್ಲಿ) ಕೌಟುಂಬಿಕ ಹಿಂಸೆಗೊಳಗಾದವರಿಗಾಗಿ ಇರುವ ಫ್ಯಾಮಿಲಿ ಜಸ್ಟಿಸ್ ಸೆಂಟರ್‌ಗಳಲ್ಲಿ ವೀಸಾ ಸ್ಥಿತಿಯನ್ನು ಲೆಕ್ಕಿಸದೆ ಉಚಿತ ಕಾನೂನು ಸಲಹೆ ದೊರೆಯುತ್ತದೆ. ನಗರವು ತನ್ನ ಕಾಗದಪತ್ರಗಳನ್ನು ಅನುವಾದಿಸುವ ಹತ್ತು ಭಾಷೆಗಳಲ್ಲಿ ಬಂಗಾಳಿ ಮತ್ತು ಉರ್ದು ಇವೆ, ಕನ್ನಡ ಇಲ್ಲ; ಆದರೆ ದೂರವಾಣಿಯ ಮೂಲಕ ದುಭಾಷಿಯನ್ನು ಕೇಳಬಹುದು. ಕೇಳುವಾಗ ‘ಇಂಡಿಯನ್’ ಎನ್ನದೆ ‘ಕನ್ನಡ’ ಎಂದೇ ಸ್ಪಷ್ಟವಾಗಿ ಹೇಳಬೇಕು, ಇಲ್ಲದಿದ್ದರೆ ಹಿಂದಿಯವರಿಗೆ ಕರೆ ಜೋಡಿಸಿಬಿಡುತ್ತಾರೆ.