ಯಾವ ಸಿಲಬಸ್ ಅನ್ನೋದು ಆಮೇಲೆ, ಹತ್ತನೇ ಕ್ಲಾಸ್ ಪರೀಕ್ಷೆ ಎಲ್ಲಿ ಬರೆಸ್ತೀರಿ?

ನಿಮ್ಮ ಮಗಳು ಆರನೇ ಕ್ಲಾಸ್ ಮುಗಿಸಿದ್ದಾಳೆ, 3 ವರ್ಷಕ್ಕೆ ಇಂಗ್ಲೆಂಡ್ ಇಲ್ಲವೇ ಜರ್ಮನಿ, ಇಲ್ಲಿನ ಸಿಲಬಸ್ ತಪ್ಪಬಾರದು ಅಂತ ಅಲ್ಲಿ ಮನೆಯಲ್ಲೇ ಪಾಠ, ಹತ್ತನೇ ಕ್ಲಾಸಿಗೆ ವಾಪಸ್. ಯಾವ ಆನ್‌ಲೈನ್ ಕೋರ್ಸ್ ತಗೊಳ್ಳೋಣ ಅಂತ ಕೇಳಿದ್ದೀರಿ. ಓದಿ ಎದೆ ಧಸಕ್ ಅಂದಿತು. ನಾವೂ ಇದೇ ಲೆಕ್ಕ ಹಾಕಿದ್ದೆವು. ಏಳು, ಎಂಟು, ಒಂಬತ್ತು ಅಲ್ಲಿ, ಹತ್ತು ಇಲ್ಲಿ. ಬೆರಳೆಣಿಸಿದರೆ ಸರಿಯಾಗೇ ಇತ್ತು.

2016ರ ಏಪ್ರಿಲ್‌ನಲ್ಲಿ ಹೆಂಡತಿಯನ್ನು ಕಂಪನಿಯವರು ಇಂಗ್ಲೆಂಡಿಗೆ ಕಳಿಸಿದರು. ನಾನು ಕೆಲಸ ಬಿಟ್ಟು ಡಿಪೆಂಡೆಂಟ್ ವೀಸಾದಲ್ಲಿ ಜೊತೆಗೆ ಹೋದೆ. ಮಗನನ್ನು ಮೊದಲು ಶಾಲೆಗೇ ಹಾಕಿದೆವು. ಅಲ್ಲಿ ಶಾಲೆ ಶುರುವಾಗುವುದು ಸೆಪ್ಟೆಂಬರ್‌ನಲ್ಲಿ. ನಾವು ನಡುವೆ ಹೋದದ್ದರಿಂದ ಹತ್ತಿರದಲ್ಲಿ ಸೀಟಿರಲಿಲ್ಲ, ಎರಡು ಬಸ್ ಹಿಡಿಯುವ ದೂರದಲ್ಲಿ ಸಿಕ್ಕಿತು. ಒಂದು ಟರ್ಮ್ ಮುಗಿಯುವ ಹೊತ್ತಿಗೆ ಹುಡುಗ ಊಟಕ್ಕೆ ಕೂತರೂ ಮಾತಾಡುತ್ತಿರಲಿಲ್ಲ. ಬಿಡಿಸಿದೆವು. ಇಂಗ್ಲೆಂಡಿನಲ್ಲಿ ಅದು ಸುಲಭ. 1996ರ ಶಿಕ್ಷಣ ಕಾಯ್ದೆಯ 7ನೇ ಸೆಕ್ಷನ್ ಪ್ರಕಾರ ಮಗುವಿಗೆ ಶಿಕ್ಷಣ ಕೊಡಿಸುವುದು ತಂದೆತಾಯಿಯ ಹೊಣೆ. ಶಾಲೆಯಲ್ಲಾದರೂ ಸರಿ, ಬೇರೆ ರೀತಿಯಲ್ಲಾದರೂ ಸರಿ. ಶಾಲೆಗೆ ಒಂದು ಪತ್ರ ಬರೆದೆ, ಹೆಸರು ತೆಗೆದರು. ಅವರ ಸಿಲಬಸ್ಸನ್ನೇ ಕಲಿಸಬೇಕು ಅನ್ನುವ ಕಟ್ಟುಪಾಡೂ ಇಲ್ಲ.

ಪಾಠ ಚೆನ್ನಾಗಿಯೇ ನಡೆಯಿತು, ಸುಳ್ಳು ಹೇಳಲ್ಲ. ಇಲ್ಲಿನ ಸಿಬಿಎಸ್‌ಇ (ಕೇಂದ್ರದ ಬೋರ್ಡ್) ಶಾಲೆಗಳಲ್ಲಿ ಓದಿಸುವ ಎನ್‌ಸಿಇಆರ್‌ಟಿ ಪುಸ್ತಕಗಳ ಪಿಡಿಎಫ್ ಪುಕ್ಕಟೆ ಸಿಗುತ್ತವೆ. ಬೆಳಗ್ಗೆ ಗಣಿತ, ವಿಜ್ಞಾನ. ಮಧ್ಯಾಹ್ನ ಲೈಬ್ರರಿ. ತಿಂಗಳಿಗೊಮ್ಮೆ ಲಂಡನ್ನಿನ ಸೈನ್ಸ್ ಮ್ಯೂಸಿಯಂ, ಅದಕ್ಕೂ ಟಿಕೆಟ್ ಇಲ್ಲ. ಹುಡುಗ ಮತ್ತೆ ಮಾತಾಡತೊಡಗಿದ, ಜಾಸ್ತಿಯೇ. ಮೂರನೇ ವರ್ಷ ಒಂಬತ್ತನೇ ಕ್ಲಾಸಿನ ಪುಸ್ತಕ ಡಿಸೆಂಬರ್‌ಗೇ ಮುಗಿದಿತ್ತು. ನಾನು ಬೀಗುತ್ತಿದ್ದೆ.

ನನ್ನ ತಪ್ಪು ಅಲ್ಲೇ ಆದದ್ದು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಒಂಬತ್ತನೇ ಕ್ಲಾಸ್ ಅಂದರೆ ಒಂಬತ್ತನೇ ಕ್ಲಾಸಿನ ಪಾಠ ಅಂದುಕೊಂಡಿದ್ದೆ. ಸಿಬಿಎಸ್‌ಇ ಲೆಕ್ಕದಲ್ಲಿ ಅದು ಪಾಠವಲ್ಲ, ನೋಂದಣಿ. ಹತ್ತನೇ ಕ್ಲಾಸಿನ ಬೋರ್ಡ್ ಪರೀಕ್ಷೆಗೆ ಕೂರುವ ಮಕ್ಕಳ ಹೆಸರನ್ನು ಶಾಲೆಯವರು ಒಂಬತ್ತನೇ ಕ್ಲಾಸಿನಲ್ಲೇ ಬೋರ್ಡಿಗೆ ಕಳಿಸುತ್ತಾರೆ. ಬೇರೆ ಕಡೆಯಿಂದ ನೇರ ಹತ್ತಕ್ಕೆ ಸೇರಬೇಕಾದರೆ ಮಾನ್ಯತೆ ಇರುವ ಶಾಲೆಯಲ್ಲಿ ಒಂಬತ್ತು ಪಾಸಾದ ಅಂಕಪಟ್ಟಿ, ಟಿಸಿ ಬೇಕು. ನನ್ನ ಹತ್ತಿರ ಏನಿತ್ತು? ಹನ್ನೊಂದು ನೋಟ್‌ಬುಕ್. 2019ರಲ್ಲಿ ಅವನ್ನು ಚೀಲದಲ್ಲಿ ಹೊತ್ತು ನಾಲ್ಕು ಶಾಲೆ ಅಲೆದೆ. ಒಬ್ಬ ಪ್ರಿನ್ಸಿಪಾಲರು ಮಗನಿಗೆ ಅಲ್ಲೇ ಎರಡು ಲೆಕ್ಕ ಕೊಟ್ಟರು. ಅವನು ಮಾಡಿದ. 'ಹುಡುಗ ಜಾಣ, ಸಾರ್. ಆದರೆ ಯಾವ ಪುಸ್ತಕದಲ್ಲೂ ಇವನ ಹೆಸರೇ ಇಲ್ಲವಲ್ಲ' ಅಂದರು.

ತಮಾಷೆ ನೋಡಿ. ಇಲ್ಲಿನ ಸಿಲಬಸ್ ತಪ್ಪಬಾರದು ಅಂತ ಅಲ್ಲಿನ ಇನ್ನೊಂದು ಶಾಲೆ ಹುಡುಕುವ ಗೋಜಿಗೇ ಹೋಗಿರಲಿಲ್ಲ. ಹೋಗಿದ್ದರೆ ಕೈಯಲ್ಲಿ ಒಂದು ರಿಪೋರ್ಟ್ ಕಾರ್ಡ್ ಇರುತ್ತಿತ್ತು, ಬೋರ್ಡಿನ ಅನುಮತಿ ಕೇಳಲು ಒಂದು ದಾರಿ ಇರುತ್ತಿತ್ತು. ನಿಮ್ಮ ಪ್ರಶ್ನೆಯ ಬುಡವೇ ಅಲುಗಾಡುವುದು ಇಲ್ಲಿ. ಸಿಲಬಸ್ ಎಲ್ಲಿಗೂ ಓಡಿಹೋಗಲ್ಲ, ಅಲ್ವಾ? ಓಡಿಹೋಗುವುದು ದಾಖಲೆ.

ಎನ್‌ಐಒಎಸ್ ಇತ್ತಲ್ಲ ಅನ್ನುತ್ತೀರಿ. ಇತ್ತು, ನನಗೆ ಗೊತ್ತೂ ಇತ್ತು. ಶಾಲೆಗೆ ಹೋಗದೆ ಓದುವವರಿಗೆ ಕೇಂದ್ರ ಸರ್ಕಾರದ್ದೇ ಮುಕ್ತ ಶಾಲೆಯ ಬೋರ್ಡ್. 14 ತುಂಬಿದರೆ ಹತ್ತನೇ ಕ್ಲಾಸಿಗೆ ಹೆಸರು ಹಚ್ಚಬಹುದು, 5 ವಿಷಯ, 5 ವರ್ಷದಲ್ಲಿ 9 ಅವಕಾಶ. ಆದರೆ ಅದು ಫೇಲಾದ ಮಕ್ಕಳಿಗೆ ಅಂತ ನನ್ನ ತಲೆಯಲ್ಲಿ ಕೂತಿತ್ತು. ಬರೀ ಜಂಬ. ವಾಪಸ್ ಬಂದ ಮೇಲೂ ಜಂಬ ಬಿಡಲಿಲ್ಲ, ಮಗನನ್ನು ಮತ್ತೆ ಒಂಬತ್ತಕ್ಕೇ ಕೂರಿಸಿದೆ. ಅದೇ ಪುಸ್ತಕ, ಅದೇ ಲೆಕ್ಕ, ತನಗಿಂತ ಒಂದು ವರ್ಷ ಚಿಕ್ಕವರ ಜೊತೆ. ಮೊದಲ ಟೆಸ್ಟಿನಲ್ಲಿ ಗಣಿತಕ್ಕೆ ಪೂರ್ತಿ ಅಂಕ ಬಂತು. ಪೇಪರನ್ನು ಅವನು ನನಗೆ ತೋರಿಸಲಿಲ್ಲ. ಬ್ಯಾಗಿನಲ್ಲಿ ಮಡಚಿಟ್ಟಿದ್ದನ್ನು ನಾನೇ ನೋಡಿದೆ.

ಇನ್ನು ಜರ್ಮನಿ. ಅಲ್ಲಿಗೇ ಹೋಗುವುದಾದರೆ ಮನೆಪಾಠದ ಮಾತೇ ಬಿಡಿ. ಅಲ್ಲಿ ಮಕ್ಕಳು ಶಾಲೆಗೆ ಹೋಗಲೇಬೇಕು. ನೀವು ಭಾರತದ ಪ್ರಜೆ, 3 ವರ್ಷಕ್ಕೆ ಬಂದವರು ಅನ್ನುವ ಸಬೂಬು ನಡೆಯಲ್ಲ. ಮನೆಯಲ್ಲೇ ಕಲಿಸುತ್ತೇವೆ ಅಂತ ಹಟ ಹಿಡಿದ ಅಲ್ಲಿನದೇ ಒಂದು ಕುಟುಂಬ ಯುರೋಪಿನ ಮಾನವ ಹಕ್ಕುಗಳ ಕೋರ್ಟಿನವರೆಗೂ ಹೋಗಿ 2019ರಲ್ಲಿ ಸೋತಿತು. ಸ್ವೀಡನ್ನಿನಲ್ಲೂ ಹೆಚ್ಚುಕಡಿಮೆ ಇದೇ ಕಥೆ. ಫ್ರಾನ್ಸಿನಲ್ಲಿ 2022ರಿಂದ ಮೊದಲೇ ಅನುಮತಿ ತಗೋಬೇಕು. ಯುರೋಪ್ ಅಂದರೆ ಒಂದೇ ಕಾನೂನು ಅಂದುಕೊಳ್ಳಬೇಡಿ.

ಇಂಗ್ಲೆಂಡ್ ಆದರೆ, ಆನ್‌ಲೈನ್ ಕೋರ್ಸಿಗೆ ದುಡ್ಡು ಸುರಿಯುವ ಮುಂಚೆ ಬೋರ್ಡ್ ಆರಿಸಿ. ನನ್ನನ್ನು ಕೇಳಿದರೆ ಐಜಿಸಿಎಸ್‌ಇ, ಅಂದರೆ ಬ್ರಿಟನ್ನಿನ ಬೋರ್ಡುಗಳು ನಡೆಸುವ, ನಮ್ಮ ಹತ್ತನೇ ಕ್ಲಾಸಿನ ಮಟ್ಟದ ಪರೀಕ್ಷೆ. ಖಾಸಗಿ ಅಭ್ಯರ್ಥಿಯಾಗಿ ಬರೆಯಬಹುದು. ವಿಜ್ಞಾನಕ್ಕೆ ಲ್ಯಾಬ್ ಇಲ್ಲವಲ್ಲ ಅಂತ ಹೆದರಬೇಡಿ, ಕೇಂಬ್ರಿಡ್ಜ್ ಬೋರ್ಡಿನಲ್ಲಿ ಪ್ರಾಕ್ಟಿಕಲ್ ಬದಲಿಗೆ ಬರೆಯುವ ಪೇಪರ್ ಇದೆ. ಕಷ್ಟ ಇರುವುದು ಹೊರಗಿನವರನ್ನು ಕೂರಿಸಿಕೊಳ್ಳುವ ಪರೀಕ್ಷಾ ಕೇಂದ್ರ ಹುಡುಕುವುದರಲ್ಲಿ. ಮೇ-ಜೂನ್ ಪರೀಕ್ಷೆಗೆ ಹೆಸರು ಕೊಡುವ ಗಡುವು ತಿಂಗಳುಗಟ್ಟಲೆ ಮೊದಲೇ ಮುಗಿದಿರುತ್ತದೆ, ಅದಕ್ಕೇ ಒಂದು ವರ್ಷ ಮುಂಚೆಯೇ ಫೋನ್ ಮಾಡಿ. ಫೀಸು ನಿಮ್ಮದೇ. ಅದು ಭಾರವಾದರೆ ಎನ್‌ಐಒಎಸ್, ಮತ್ತೆ ನನ್ನ ಹಾಗೆ ಮೂಗು ಮುರಿಯಬೇಡಿ.

ಹಾಂ, ಯಾವ ದೇಶ ಅನ್ನುವುದನ್ನು ಸಹಿ ಹಾಕುವ ಮುಂಚೆಯೇ ಕಂಪನಿಯಿಂದ ಬರಹದಲ್ಲಿ ತಗೊಳ್ಳಿ. ಮಕ್ಕಳ ಶಾಲೆ ಫೀಸು ಕೊಡುತ್ತೀರಾ ಅಂತಲೂ ಆಗಲೇ ಕೇಳಿ. ನಾವು ವಿಮಾನ ಹತ್ತಿದ ಮೇಲೆ ಕೇಳಿದ್ದೆವು.