ಅನುಕೂಲ ಬಿಟ್ಟರೆ ಗಟ್ಟಿಯಾಗ್ತೀವಾ? ನಾನು ಬಿಟ್ಟು ನೋಡಿದ್ದೇನೆ

ಅಪ್ಪ ಕೊಡಿಸಿದ ಬೈಕು, ತಿಂಗಳು ತಿಂಗಳು ಹಾಕುವ ದುಡ್ಡು ಎಲ್ಲ ಬಿಟ್ಟು ಒಂದು ವರ್ಷ ಕಷ್ಟಪಟ್ಟರೆ ಗಟ್ಟಿಯಾಗ್ತೀನಾ ಅಂತ ಕೇಳಿದ್ದೀರಿ. ಓದಿ ನಗು ಬಂತು, ಬೇಜಾರು ಮಾಡ್ಕೋಬೇಡಿ. ಬೆಂಗಳೂರಲ್ಲಿ ಡಿಗ್ರಿ ಮುಗಿಸಿ ಊರಿಗೆ ಬಂದ ಹೊಸತರಲ್ಲಿ ನಾನು ಮಾಡಿದ್ದು ಇದನ್ನೇ.

ನಮ್ಮದು ಕೊಡಗಿನ ಸುಂಟಿಕೊಪ್ಪದ ಕಡೆ ರೋಬಸ್ಟಾ ಕಾಫಿ ತೋಟ. ದೊಡ್ಡದೇನಲ್ಲ. ಅಪ್ಪ ಸಾಲ ಮಾಡಿ ಡೀಸೆಲ್ ಪಂಪ್‌ಸೆಟ್ಟು, ಸ್ಪ್ರಿಂಕ್ಲರ್ ಪೈಪು ತಂದಿದ್ದರು. ಅಜ್ಜನ ಕಾಲದಲ್ಲಿ ಹೂಮಳೆಗೆ, ಅಂದರೆ ಕಾಫಿ ಹೂವು ಅರಳಿಸುವ ಬೇಸಿಗೆ ಮಳೆಗೆ, ಆಕಾಶ ನೋಡುತ್ತಾ ಕೂರಬೇಕಿತ್ತು. ಮಳೆ ಬಂದರೆ ಬೆಳೆ, ಬಾರದಿದ್ದರೆ ಸಾಲ. ಅದನ್ನು ಕಣ್ಣಾರೆ ಕಂಡ ಅಪ್ಪನಿಗೆ ಆ ಪಂಪು ಅಂದರೆ ಪ್ರಾಣ. ನನಗೋ, ತಲೆ ತುಂಬ ಬೆಳಗಿನ ಜಾವ ತಣ್ಣೀರು ಸ್ನಾನ ಮಾಡಿ ಉದ್ಧಾರವಾದವರ ವಿಡಿಯೋಗಳು. (ಜನವರಿಯಲ್ಲಿ ಕೊಡಗಿನಲ್ಲಿ ತಣ್ಣೀರು ಸ್ನಾನ ಮಾಡಿದರೆ ಸಿಗೋದು ನೆಗಡಿ. ಅದನ್ನೂ ಮಾಡಿದ್ದೇನೆ.) ಬೈಕು ಬಿಟ್ಟೆ, ನಡೆದೇ ಓಡಾಡಿದೆ. ಮನೆಯಲ್ಲಿ ಹಾಸಿಗೆ ಇದ್ದರೂ ಪಂಪಿನ ಶೆಡ್ಡಿನಲ್ಲಿ ನೆಲದ ಮೇಲೆ ಮಲಗಿದೆ. ಅಲ್ಲಿಗೆ ನಿಲ್ಲಿಸಿದ್ದರೆ ನಷ್ಟವಿರಲಿಲ್ಲ.

ಆ ವರ್ಷ ಕೊಯ್ಲು ಮುಗಿದ ಮೇಲೆ ತೋಟಕ್ಕೆ ನೀರು ಹಾಯಿಸುವ ಕೆಲಸ ನಾನೇ ಮಾಡ್ತೀನಿ ಅಂದೆ. ಪೈಪು ಹೊರುವ ಹುಡುಗರು ಬೇಡ, ನಾನು ಮತ್ತು ಒಬ್ಬ ಆಳು ಸಾಕು. ಅಪ್ಪ, "ಇಬ್ಬರ ಕೈಲಿ ಆಗೋ ಕೆಲಸ ಅಲ್ಲ ಮಾರಾಯ" ಅಂದರು. ಅವರು ಹಾಗಂದಿದ್ದೇ ನನಗೆ ಹಠ ಹಿಡಿಯಿತು.

ಕಾಫಿ ಮಾಡದವರಿಗೆ ಇದು ಅರ್ಥವಾಗಬೇಕಾದರೆ ಸ್ವಲ್ಪ ಬಿಡಿಸಿ ಹೇಳಬೇಕು. ಬೇಸಿಗೆ ಹೊತ್ತಿಗೆ ಗಿಡದಲ್ಲಿ ಮೊಗ್ಗು ಕೂತಿರುತ್ತದೆ, ಆದರೆ ಮಲಗಿರುತ್ತದೆ. ಚೆನ್ನಾಗಿ ನೀರು ಬಿದ್ದರೆ ಎಚ್ಚರವಾಗಿ ವಾರ ಹತ್ತು ದಿನದಲ್ಲಿ ಅರಳುತ್ತದೆ. ಇಡೀ ತೋಟ ಬೆಳ್ಳಗಾಗಿ ಮಲ್ಲಿಗೆ ವಾಸನೆ ಬರುತ್ತದಲ್ಲ, ಅದು ಇದೇ. ಎಷ್ಟು ನೀರು? 25ರಿಂದ 40 ಮಿಲಿಮೀಟರ್ ಮಳೆಗೆ ಸಮ ಇರಬೇಕು. ಹದಿನೈದು ಇಪ್ಪತ್ತು ದಿನ ಬಿಟ್ಟು ಇನ್ನೊಂದು ಸುತ್ತು ಬೇಕು, ಬ್ಯಾಕಿಂಗ್ ಅಂತೀವಿ. ಈಗ ಗಮನವಿಟ್ಟು ಕೇಳಿ. ನೀರೇ ಹಾಕದಿದ್ದರೆ ಮೊಗ್ಗು ಇನ್ನೂ ಸ್ವಲ್ಪ ದಿನ ಮಳೆಗಾಗಿ ಕಾಯುತ್ತದೆ. ಅರ್ಧ ನೀರು ಹಾಕಿದರೆ ಎಚ್ಚರವಾಗುತ್ತದೆ, ಅರಳಲು ಹೊರಡುತ್ತದೆ, ಅರಳಲು ತಾಕತ್ತಿರುವುದಿಲ್ಲ. ಗುಲಾಬಿ ಬಣ್ಣಕ್ಕೆ ತಿರುಗಿ ಹಾಗೇ ಕರಟಿ ಹೋಗುತ್ತದೆ. ಅಂದರೆ ಅರ್ಧ ನೀರು ಹಾಕುವುದಕ್ಕಿಂತ ಸುಮ್ನೆ ಕೂರುವುದು ವಾಸಿ.

ನಾನು ಹಾಕಿದ್ದು ಅರ್ಧ ನೀರು.

ಬೇಕಂತ ಅಲ್ಲ. ಒಂದು ಜಾಗದಲ್ಲಿ ನೀರು ಸಾಕಷ್ಟು ಬೀಳಬೇಕಾದರೆ ಸ್ಪ್ರಿಂಕ್ಲರಿನ ಜೆಟ್ಟು ಗಂಟೆಗಟ್ಟಲೆ ತಿರುಗಬೇಕು. ಆಮೇಲೆ ಮೋಟರು ನಿಲ್ಲಿಸಿ, ಪೈಪು ಬಿಚ್ಚಿ, ನೀರು ಚೆಲ್ಲಿ, ರೆಕ್ಕೆ (ಕಾಫಿ ಗಿಡದ ಕೊಂಬೆಗೆ ಹಾಗಂತೀವಿ) ಮುರಿಯದ ಹಾಗೆ ಗಿಡಗಳ ಮಧ್ಯೆ ಹೊತ್ತುಕೊಂಡು ಹೋಗಿ, ಮತ್ತೆ ಜೋಡಿಸಬೇಕು. ನಾಲ್ಕೈದು ಜನ ಇದ್ದರೆ ಬೀಡಿ ಸೇದಿ ಮುಗಿಸುವಷ್ಟರಲ್ಲಿ ಆಗುತ್ತದೆ. ನಮ್ಮಿಬ್ಬರಿಗೆ ಅರ್ಧ ದಿನವೇ ಅದರಲ್ಲಿ ಹೋಗುತ್ತಿತ್ತು. ಮಾರ್ಚ್ ಬಿಸಿಲು, ಕೆರೆ ಇಳಿಯುತ್ತಿತ್ತು, ತೋಟ ಮಾತ್ರ ಮುಗಿಯುತ್ತಿರಲಿಲ್ಲ. ಜನ ಕರೆಯಲು ಮಾನ ಅಡ್ಡ ಬಂತು. ಹಾಗಾಗಿ ಏನು ಮಾಡಿದೆ? ಪ್ರತಿ ಜಾಗದಲ್ಲೂ ಬೇಗ ಬೇಗ ನಿಲ್ಲಿಸಿ ಮುಂದಕ್ಕೆ ಹೋದೆ. ಮೇಲಿನಿಂದ ನೋಡಿದರೆ ಎಲೆ ಒದ್ದೆ, ನೆಲ ಕಪ್ಪು, ಮಣ್ಣಿನ ವಾಸನೆ. ಚೆನ್ನಾಗೇ ನೆಂದಿದೆ ಅನ್ನಿಸಿತು. ಜೊತೆಗಿದ್ದ ಆಳು ಒಂದು ಗಿಡದ ಬುಡದಲ್ಲಿ ಕತ್ತಿ ತುದಿಯಿಂದ ಕೆದಕಿ ತೋರಿಸಿದ. ತರಗೆಲೆ ನೆನೆದಿತ್ತು. ಅದರ ಕೆಳಗೆ ಎರಡು ಬೆರಳು ಮಣ್ಣು ಹಸಿ. ಅದರ ಕೆಳಗೆ ಹಿಟ್ಟಿನಂಥ ಒಣ ಧೂಳು. "ಅಣ್ಣ, ಸಾಕಾಗಿಲ್ಲ" ಅಂದ. "ಬ್ಯಾಕಿಂಗಲ್ಲಿ ಸರಿ ಮಾಡೋಣ" ಅಂದೆ. ಅರ್ಧ ನೀರಿಗೆ ಎಚ್ಚರವಾದ ಮೊಗ್ಗು ಬ್ಯಾಕಿಂಗ್ ತನಕ ಉಳಿಯಲ್ಲ ಅಂತ ಅವನಿಗೆ ಗೊತ್ತಿತ್ತು. ನನಗೂ ಗೊತ್ತಿತ್ತು. ಸುಸ್ತಾದಾಗ ಗೊತ್ತಿರುವುದೂ ಮರೆತುಹೋಗುತ್ತದೆ.

ಇನ್ನೂ ಒಂದಿದೆ. ರೋಬಸ್ಟಾ ಇನ್ನೊಂದು ಜಾತಿಯ ಕಾಫಿ ಅರೇಬಿಕಾ ಥರ ಅಲ್ಲ. ತನ್ನದೇ ಪರಾಗದಿಂದ ಕಾಯಿ ಕಟ್ಟಲ್ಲ. ಬೇರೆ ಗಿಡದ್ದು ಗಾಳಿಯಲ್ಲೋ ಜೇನುನೊಣದ ಜೊತೆಗೋ ಬರಬೇಕು. ಅಕ್ಕಪಕ್ಕದ ಗಿಡ ಒಟ್ಟಿಗೆ ಹೂವಾದರೆ ಒಳ್ಳೆಯದು. ನನ್ನ ಆಮೆ ನಡಿಗೆಯಲ್ಲಿ ಇವತ್ತೊಂದು ಮೂಲೆ, ನಾಲ್ಕು ದಿನ ಬಿಟ್ಟು ಇನ್ನೊಂದು ಮೂಲೆ. ಕೆಳಗಿನ ಪಟ್ಟಿಯಲ್ಲಂತೂ ಹೂವು ಅರಳಿದ್ದಕ್ಕಿಂತ ಗುಲಾಬಿಯಾಗಿ ಮುದುಡಿದ್ದೇ ಜಾಸ್ತಿ. ಅಪ್ಪ ಬಂದು ಒಂದು ರೆಕ್ಕೆ ಎತ್ತಿ ನೋಡಿದರು. ಬೈಯಲಿಲ್ಲ. ಊಟಕ್ಕೆ ಬಾ ಅಂದು ಹೋದರು.

ಆ ಕಷ್ಟದ ದಿನಗಳಲ್ಲಿ ನಾನೊಬ್ಬನೇ ಕಷ್ಟಪಟ್ಟೆ ಅಂದುಕೊಂಡಿದ್ದೆ. ಶೆಡ್ಡಿಗೆ ರಾತ್ರಿ ಊಟ ಹೊತ್ತು ತರುತ್ತಿದ್ದವರು ಅಮ್ಮ. ನಮ್ಮ ಕಡೆ ತೋಟಕ್ಕೆ ಆನೆ ಬರುತ್ತದೆ, ಗೊತ್ತಲ್ವಾ? ಮಗ ನೆಲದ ಮೇಲೆ ಮಲಗಿದ್ದಾನೆ ಅಂತ ಅಪ್ಪ ಟಾರ್ಚು ಹಿಡಿದು ಜಗಲಿಯಲ್ಲಿ ಕೂರುತ್ತಿದ್ದರಂತೆ. ಮಾರನೇ ವರ್ಷದ ಕೊಯ್ಲಿನಲ್ಲಿ ಇನ್ನೂ ನಾಚಿಕೆಯಾಯಿತು. ಹಣ್ಣು ಕೊಯ್ಯುವವರಿಗೆ ಕೆಜಿ ಲೆಕ್ಕದಲ್ಲಿ ಕೂಲಿ. ಗಿಡ ತುಂಬಿದ್ದರೆ ಸಂಜೆಗೆ ಚೀಲ ಭಾರ. ನಮ್ಮ ಕೆಳಗಿನ ಪಟ್ಟಿಯಲ್ಲಿ ಗೆಣ್ಣಿಗೆ ಎರಡು ಮೂರು ಕಾಯಿ. ಒಬ್ಬ ಅಕ್ಕ ಖಾಲಿ ರೆಕ್ಕೆ ಹಿಡಿದು, "ಇದರಲ್ಲಿ ಏನು ಕೊಯ್ಯೋದು?" ಅಂತ ಕೇಳಿ, ಎರಡೇ ದಿನಕ್ಕೆ ಪಕ್ಕದ ತೋಟಕ್ಕೆ ಹೋದರು. ನಾನು ಗಟ್ಟಿಯಾಗಲು ಹೊರಟಿದ್ದಕ್ಕೆ ಅವರ ಕೂಲಿ ಕಡಿಮೆಯಾಗಿತ್ತು.

ಅದಕ್ಕೇ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪಲ್ಲ. ಕಷ್ಟ ಮನುಷ್ಯನನ್ನು ಬೆಳೆಸುತ್ತದೆ ಅನ್ನುವುದನ್ನು 2018ರ ಆಗಸ್ಟಿನಲ್ಲಿ ನಮ್ಮ ಕೊಡಗಿನ ಮಕ್ಕಂದೂರು, ಕಾಲೂರು ಕಡೆ ಗುಡ್ಡ ಜರಿದು ಮನೆ, ಗದ್ದೆ, ತೋಟ ಕಳೆದುಕೊಂಡವರ ಮುಂದೆ ಹೇಳಿ ನೋಡಿ. ಅವರಿಗೆ ಅದನ್ನು ಬೇಡ ಅನ್ನುವ ದಾರಿ ಇರಲಿಲ್ಲ. ನಿಮ್ಮದು ಬೇಕಾದಾಗ ಶುರುಮಾಡಿ ಬೇಸರವಾದಾಗ ನಿಲ್ಲಿಸುವ ಕಷ್ಟ. ತಣ್ಣೀರು ಸುರಿದುಕೊಳ್ಳಿ, ಬೇಡ ಅನ್ನಲ್ಲ. ಅದರಿಂದ ಬೆಳೆದೆ ಅಂತ ಮಾತ್ರ ಅಂದುಕೊಳ್ಳಬೇಡಿ.

ನಾನು ಸ್ವಲ್ಪ ಬೆಳೆದಿದ್ದರೆ ಅದು ಆಮೇಲಿನ ವರ್ಷ. ಅಪ್ಪ ಸಂಬಳದ ಪುಸ್ತಕ ನನ್ನ ಮುಂದೆ ಇಟ್ಟು, "ಈ ಸಲ ನೀನೇ ನೋಡ್ಕೋ" ಅಂದರು. ಪೈಪಿಗೆ ಜನ ಇಟ್ಟೆ. ಬೈಕಿನಲ್ಲೇ ಓಡಾಡಿದೆ. ಮನೆಯಲ್ಲಿ ಬಿಸಿನೀರು, ಹಾಸಿಗೆ, ಫೋನಿನಲ್ಲಿ ಹವಾಮಾನ, ಎಲ್ಲ ಅನುಕೂಲ ಇತ್ತು. ನಿದ್ದೆ ಮಾತ್ರ ಇರಲಿಲ್ಲ. ನಾಳೆ ಮಳೆ ಬರುತ್ತೆ ಅಂತಿದೆ, ಕಾಯಲಾ, ಡೀಸೆಲ್ ಸುಡಲಾ? ಶನಿವಾರ ಬಟವಾಡೆಗೆ ದುಡ್ಡು ಎಲ್ಲಿಂದ? ಒಳ್ಳೆ ಕೆಲಸಗಾರನೊಬ್ಬ ಮುಂಗಡ ಕೇಳಿದ, ಕೊಟ್ಟರೆ ಉಳಿದವರೂ ಕೇಳ್ತಾರೆ. ಇಂಥದ್ದಕ್ಕೆ ನೆಲದ ಮೇಲೆ ಮಲಗಿದ್ದು ಕಲಿಸಿದ ಪಾಠ ಏನೂ ಸಹಾಯಕ್ಕೆ ಬರಲಿಲ್ಲ.

ಬೈಕು ಇಟ್ಟುಕೊಳ್ಳಿ. ಅಪ್ಪ ಹಾಕುವ ದುಡ್ಡು ನಿಲ್ಲಿಸಬೇಕು ಅನ್ನಿಸಿದರೆ ನಿಲ್ಲಿಸಿ, ಅದೊಂದು ಒಳ್ಳೆಯದೇ. ಆದರೆ ಅದಕ್ಕೂ ಮೊದಲು ತಪ್ಪಿದರೆ ಇನ್ನೊಬ್ಬರಿಗೂ ಉತ್ತರ ಕೊಡಬೇಕಾಗುವ ಒಂದು ಕೆಲಸ ಕೈಗೆ ತಗೊಳ್ಳಿ. ಅಪ್ಪನ ವ್ಯವಹಾರ ಏನಿದ್ದರೂ ಅದರ ಒಂದು ಸಣ್ಣ ತುಂಡು, ಲೆಕ್ಕ ಸಮೇತ ಕೇಳಿ. ಸಹಾಯಕ್ಕೆ ಇರುವ ಜನ, ಮೆಷಿನ್ನು ಎಲ್ಲ ಬಳಸಿ. ಮೊದಲ ಸಲ ಕೊಡಲ್ಲ, ನಗುತ್ತಾರೆ. ನಿಮ್ಮದೂ ತೋಟವಾಗಿದ್ದರೆ ಕೊಯ್ಲಿನ ಗಡಿಬಿಡಿಯಲ್ಲಿ ಮಾತ್ರ ಬಾಯಿ ತೆರೆಯಬೇಡಿ, ಬೈಸಿಕೊಳ್ತೀರಿ. ಜುಲೈ-ಆಗಸ್ಟಿನ ಕಕ್ಕಡ ತಿಂಗಳ ಮಳೆ ಹಿಡಿದು ಎಲ್ಲರೂ ಮನೆಯಲ್ಲಿ ಕೂತಿರುವಾಗ ಕೇಳಿ.